ಸಹಕಾರ ಸಂಘದ ನೂರು ವರ್ಷ, 143 ನಮೂದು, ಮಗಳು ನಾಲ್ಕಕ್ಕೇ ಸುಸ್ತು. ಡಿಜಿಟಲ್ ಟೈಮ್‌ಲೈನ್ ಹೇಗೆ ಮಾಡಲಿ?

ಹತ್ತಿಹೊಲ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯ ಒಂದು ಸಣ್ಣ ಊರು ನಮ್ಮದು. ಊರಿನ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ನೂರು ವರ್ಷ ತುಂಬುತ್ತಿದೆ. "ಸ್ಮರಣ ಸಂಚಿಕೆ ಬೇಡ, ಅದನ್ನ ಯಾರೂ ಓದಲ್ಲ, ಈ ಸಲ ಕಂಪ್ಯೂಟರಿನಲ್ಲಿ ಏನಾದರೂ ಮಾಡಿ" ಅಂತ ಆಡಳಿತ ಮಂಡಳಿಯವರು ಹೇಳಿದರು. ಊರಲ್ಲಿ ಲ್ಯಾಪ್‌ಟಾಪ್ ಇರುವ ಮಾಸ್ತರ ನಾನೊಬ್ಬನೇ. ಕೆಲಸ ನನ್ನ ತಲೆಗೆ ಬಂತು.

ಸಂಘದ ಕಚೇರಿಯಲ್ಲಿ ಒಂದು ಟಚ್‌ಸ್ಕ್ರೀನ್ ಇಡಬೇಕು. ವರ್ಷದ ಮೇಲೆ ಬೆರಳಿಟ್ಟರೆ ಆ ವರ್ಷದ ಫೋಟೋ, ಕಾಗದ, ಯಾರದಾದರೂ ದನಿ ಬರಬೇಕು. ಅದೇ ಲಿಂಕನ್ನು ಮೊಬೈಲಿಗೂ ಕಳಿಸುವಂತಿರಬೇಕು. ನನ್ನ ಕೈಯಲ್ಲಿ ಈಗ ಇರೋದು 11 ಠರಾವು ಪುಸ್ತಕ, ಒಂದು ಷೇರು ರಿಜಿಸ್ಟರು, ಒಂದು ಪೆಟ್ಟಿಗೆ ವಾರ್ಷಿಕ ವರದಿ, ಸುಮಾರು 600 ಫೋಟೋ.

ಮೂರು ವಾರ ಕೂತು ಎಕ್ಸೆಲ್‌ನಲ್ಲಿ 143 ನಮೂದು ಮಾಡಿದೆ. ಮಗಳಿಗೆ ತೋರಿಸಿದೆ. ನಾಲ್ಕು ಸಲ ಬೆರಳು ಸರಿಸಿ ಮೊಬೈಲ್ ಕೆಳಗಿಟ್ಟಳು. "ಅಪ್ಪಾ, ಎಲ್ಲಾದರಲ್ಲೂ ಯಾರಿಗೋ ಶಾಲು ಹೊದಿಸ್ತಾ ಇದಾರೆ" ಅಂದಳು. ಎಣಿಸಿ ನೋಡಿದೆ. 143ರಲ್ಲಿ 61 ನಮೂದು ಅಧ್ಯಕ್ಷರ ಆಯ್ಕೆ, ಸನ್ಮಾನ, ಶಂಕುಸ್ಥಾಪನೆ, ಉದ್ಘಾಟನೆ.

ಯಾವುದನ್ನು ಬಿಡಲಿ, ಯಾವ ಸಾಫ್ಟ್‌ವೇರ್ ಬಳಸಲಿ, ಎಲ್ಲಿಂದ ಶುರು ಮಾಡಲಿ? ದುಡ್ಡು ಜಾಸ್ತಿ ಇಲ್ಲ. ಎರಡು ತಿಂಗಳು ಟೈಮ್ ಇದೆ.

ಒತ್ತಕ್ಷರ

ಮಾಸ್ತರೇ, ಸಾಫ್ಟ್‌ವೇರ್ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸಿಬಿಡೋಣ.

ಟೈಮ್‌ಲೈನ್‌ಜೆಎಸ್ ನೋಡಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್‌ನವರು ಮಾಡಿದ್ದು. ಪುಕ್ಕಟೆ. ಕೋಡ್ ಬರೆಯಬೇಕಿಲ್ಲ. ಅವರು ಕೊಡುವ ಗೂಗಲ್ ಶೀಟಿನ ಒಂದು ನಕಲು ತೆಗೆದುಕೊಂಡು ವರ್ಷ, ತಿಂಗಳು, ದಿನ, ತಲೆಬರಹ, ವಿವರ, ಫೋಟೋದ ಲಿಂಕ್ ತುಂಬಿದರೆ ಆಯ್ತು. ತಿಂಗಳು, ದಿನ ಗೊತ್ತಿಲ್ಲದಿದ್ದರೆ ಖಾಲಿ ಬಿಡಬಹುದು, ವರ್ಷ ಇದ್ದರೆ ಸಾಕು.

ಮೂರು ಎಚ್ಚರಿಕೆ. ಶೀಟಿನ ಮೇಲಿನ ಸಾಲಿನ ಇಂಗ್ಲಿಷ್ ಹೆಸರುಗಳನ್ನು ಮುಟ್ಟಬೇಡಿ. ಕನ್ನಡಾಭಿಮಾನದಲ್ಲಿ ನಾನು ಅವನ್ನೆಲ್ಲ ಕನ್ನಡ ಮಾಡಿ, ಟೈಮ್‌ಲೈನ್ ಯಾಕೆ ಬರ್ತಿಲ್ಲ ಅಂತ ಒಂದಿಡೀ ಸಂಜೆ ತಲೆ ಕೆಡಿಸಿಕೊಂಡಿದ್ದೆ.

ಎರಡನೆಯದು, ಆ ಶೀಟನ್ನು ವೆಬ್‌ಗೆ ಪ್ರಕಟಿಸಬೇಕಾಗುತ್ತದೆ. ಅಂದರೆ ಅದರಲ್ಲಿ ಇರೋದೆಲ್ಲ ಊರಿಗೇ ಕಾಣುತ್ತದೆ. ಒಂದು ಸಂಸ್ಥೆಗೆ ಕೆಲಸ ಮಾಡುವಾಗ ಪಕ್ಕದ ಕಾಲಂನಲ್ಲಿ ನಮ್ಮ ಹುಡುಗ "ಈ ಫೋಟೋ ತೆಗೆದುಹಾಕಿದರೆ ಇವರ ಮನೆಯವರು ಗಲಾಟೆ ಮಾಡ್ತಾರೆ" ಅಂತ ಟಿಪ್ಪಣಿ ಹಾಕಿಕೊಂಡಿದ್ದ. ಆ ಮನೆಯವರೇ ಅದನ್ನು ಓದಿದರು. ಮುಂದಿನದು ಕೇಳಬೇಡಿ.

ಮೂರನೆಯದು, ಇಪ್ಪತ್ತಕ್ಕಿಂತ ಜಾಸ್ತಿ ಸ್ಲೈಡ್ ಬೇಡ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ. ನಿಮ್ಮದು 143. ನಿಮ್ಮ ಮಗಳು ನಾಲ್ಕರವರೆಗೆ ನೋಡಿದ್ದೇ ದೊಡ್ಡದು.

ಮಿರ್ಚಿಭಜಿ

ಅಧ್ಯಕ್ಷರ ಫೋಟೋ ಬಿಟ್ಟರೆ ಉದ್ಘಾಟನೆ ದಿನ ಕುರ್ಚಿ ಹಾಕೋರೂ ಸಿಗಲ್ಲ ನೋಡ್ರಿ.

ಕಡತದಹುಳು

ಮಿರ್ಚಿಭಜಿಯವರ ಮಾತು ತಮಾಷೆ ಅಲ್ಲ. ಅದಕ್ಕೊಂದು ದಾರಿ ಮಾಡಲೇಬೇಕು, ಆಮೇಲೆ ಹೇಳುತ್ತೇನೆ.

ನಾನು ಇಪ್ಪತ್ತು ವರ್ಷದಿಂದ ಹಳೆ ಕಾಗದಗಳ ಜೊತೆ ಇರುವವಳು. ಮಾಸ್ತರೇ, ನೀವು ಎಕ್ಸೆಲ್ಲಿನಿಂದ ಶುರು ಮಾಡಿದಿರಿ. ಅದಕ್ಕೇ ಹೀಗಾಯಿತು. ಎಕ್ಸೆಲ್ ತಾರೀಖು ಕೇಳುತ್ತದೆ. ತಾರೀಖು ಸುಲಭವಾಗಿ ಸಿಗೋದು ಕಲ್ಲಿನ ಮೇಲೆ ಮತ್ತು ಆಮಂತ್ರಣ ಪತ್ರಿಕೆಯಲ್ಲಿ. ಕಲ್ಲು ಹಾಕಿಸಿದವರು ಯಾರು? ಅಧ್ಯಕ್ಷರು. ಹಾಗಾಗಿ ನಿಮ್ಮ ಟೈಮ್‌ಲೈನ್ ತುಂಬ ಅಧ್ಯಕ್ಷರೇ ಬಂದರು.

ಒಂದು ವಾರ ಕಂಪ್ಯೂಟರ್ ಮುಚ್ಚಿಡಿ. ಠರಾವು ಪುಸ್ತಕ ಓದಿ. ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಠರಾವಿನಿಂದ ಸದಸ್ಯರ ಮನೆಯಲ್ಲಿ ಏನಾದರೂ ಬದಲಾಯಿತಾ? ಬಡ್ಡಿ ಇಳಿಯಿತಾ, ಗೊಬ್ಬರ ಮೊದಲ ಸಲ ಬಂತಾ, ಹೆಂಗಸರೊಬ್ಬರು ತಮ್ಮ ಹೆಸರಲ್ಲಿ ಷೇರು ತೆಗೆದುಕೊಂಡರಾ, ಬರ ಬಿದ್ದಾಗ ವಸೂಲಿ ಮುಂದಕ್ಕೆ ಹಾಕಿದರಾ? ಬದಲಾಗಿದ್ದರೆ ಪುಟಕ್ಕೆ ಒಂದು ಚೀಟಿ ಇಡಿ. ಇಲ್ಲದಿದ್ದರೆ ಮುಂದಿನ ಪುಟ.

ಇನ್ನೊಂದು ಕಟ್ಟುನಿಟ್ಟು ನಿಯಮ. ತೋರಿಸಲು ಏನೂ ಇಲ್ಲದ ನಮೂದು ಬೇಡ. ಕಾಗದ, ಫೋಟೋ, ದನಿ, ಒಂದು ವಸ್ತು, ಏನಾದರೂ ಇರಲೇಬೇಕು. ಹಳೇ ತಕ್ಕಡಿ ಇದ್ದರೆ ಅದರ ಫೋಟೋ ಹಾಕಿ. ಬರೀ ಮಾತು ಓದಲು ಯಾರೂ ಟಚ್‌ಸ್ಕ್ರೀನ್ ಮುಟ್ಟಲ್ಲ.

ಅಧ್ಯಕ್ಷರಿಗೆ ಬೇರೆ ಒಂದು ಪುಟ ಕೊಡಿ. ಎಲ್ಲರ ಫೋಟೋ ಒಂದೇ ಅಳತೆ, ಹೆಸರು, ಅವಧಿ, ಅಷ್ಟೇ. ಮೊದಲ ಪರದೆಯಲ್ಲೇ ಅದಕ್ಕೊಂದು ಬಟನ್ ಇರಲಿ. ಮನೆಯವರು ಬಂದು ಒತ್ತುತ್ತಾರೆ, ಫೋಟೋ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಯಾರಿಗೂ ಬೇಜಾರಿಲ್ಲ. ಟೈಮ್‌ಲೈನಿಗೂ ಉಸಿರಾಡಲು ಜಾಗ.

ಹತ್ತಿಹೊಲ

ಅಕ್ಕಾ, ನೀವು ಹೇಳಿದ ಹಾಗೆ ಓದಲು ಶುರು ಮಾಡಿದೆ. ಮೊದಲ ಪುಟದಲ್ಲೇ ಜಗಳ.

ಕಟ್ಟಡದ ಕಲ್ಲಿನಲ್ಲಿ "ರಕ್ತಾಕ್ಷಿ ಸಂವತ್ಸರ ಮಾಘ ಮಾಸ" ಸಂಘ ಸ್ಥಾಪನೆ ಅಂತಿದೆ. ನೋಂದಣಿ ಪತ್ರದಲ್ಲಿ 1926 ಅಂತಿದೆ. ಹಳೆಯ ವಾರ್ಷಿಕ ವರದಿಯೊಂದರಲ್ಲಿ 1924 ಅಂತ ಅಚ್ಚಾಗಿದೆ. ಇನ್ನೊಂದು ಮಜಾ ಕೇಳಿ. ನನಗೆ ಸಹಾಯ ಮಾಡುವ ಹುಡುಗ ಗೂಗಲ್‌ನಲ್ಲಿ ಹುಡುಕಿ ರಕ್ತಾಕ್ಷಿ ಅಂದರೆ 1984 ಅಂತ ತುಂಬಿದ್ದ. ಸಂಘ ಹುಟ್ಟುವ ಮೊದಲೇ ಮೂವತ್ತು ಅಧ್ಯಕ್ಷರು ಆಗಿಹೋಗಿದ್ದರು!

ಕಡತದಹುಳು

ಹುಡುಗನದು ಪೂರ್ತಿ ತಪ್ಪಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ರಕ್ತಾಕ್ಷಿ 1984ರಲ್ಲೂ ಬಂತು, ಅದಕ್ಕೆ ಮುಂಚೆ 1924ರಲ್ಲೂ ಬಂತು. ನಿಮ್ಮದು ಹಿಂದಿನದು.

ಆದರೆ 1924 ಅಂತ ಬರೆದರೂ ತಪ್ಪೇ. ಸಂವತ್ಸರ ಶುರುವಾಗೋದು ಯುಗಾದಿಗೆ. ಮಾಘ ಬರುವಷ್ಟರಲ್ಲಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಹೊಸ ವರ್ಷ ಬಂದಿರುತ್ತದೆ. ಹಾಗಾಗಿ ನಿಮ್ಮ ಕಲ್ಲಿನ ದಿನ 1925ರ ಜನವರಿ ಕೊನೆ ಅಥವಾ ಫೆಬ್ರುವರಿ. ವರದಿ ಬರೆದವರು ಸಂವತ್ಸರ ನೋಡಿದರು, ಮಾಸ ನೋಡಲಿಲ್ಲ.

ಹಳೆ ಲೆಕ್ಕದಲ್ಲಿ ಇನ್ನೊಂದು ಬಲೆ ಇದೆ. ಸಹಕಾರ ವರ್ಷ ಆಗ ಜುಲೈನಿಂದ ಜೂನ್‌ವರೆಗೆ. 1951-52ರ ವರದಿ ಅಂದರೆ ಈಗಿನ ಏಪ್ರಿಲ್-ಮಾರ್ಚ್ ಅಲ್ಲ. ತಿಂಗಳು ಖಚಿತ ಇಲ್ಲದಿದ್ದರೆ "1951-52" ಅಂತಲೇ ತೋರಿಸಿ.

ಜಗಳದ ವಿಚಾರಕ್ಕೆ ಬಂದರೆ, ಎರಡೂ ದಿನ ಇಡಿ. 1925 ಜನ ಕೂಡಿದ ದಿನ. 1926 ಸರ್ಕಾರ ಒಪ್ಪಿದ ದಿನ. ನಡುವಿನ ಕಾಲದಲ್ಲಿ ಏನು ಮಾಡುತ್ತಿದ್ದರು ಅನ್ನೋದೇ ಒಳ್ಳೆ ಕಥೆ. ನೋಂದಣಿ ಇಲ್ಲದೆ ಷೇರು ದುಡ್ಡು ಯಾರ ಮನೆಯಲ್ಲಿ ಇಟ್ಟಿದ್ದರು?

ಒತ್ತಕ್ಷರ

ಅಕ್ಕ ಹೇಳಿದ "1951-52"ಕ್ಕೆ ಶೀಟಿನಲ್ಲೇ ಜಾಗ ಇದೆ. ತೋರಿಸುವ ದಿನಾಂಕಕ್ಕೆ ಪ್ರತ್ಯೇಕ ಕಾಲಂ. ಅದರಲ್ಲಿ "ರಕ್ತಾಕ್ಷಿ ಸಂವತ್ಸರ, ಮಾಘ" ಅಂತ ಕನ್ನಡದಲ್ಲೇ ಬರೆಯಿರಿ. ಯಂತ್ರ ಪಕ್ಕದ ಕಾಲಂನ 1925 ನೋಡಿ ಸರಿಯಾದ ಜಾಗದಲ್ಲಿ ಕೂರಿಸುತ್ತದೆ, ಓದುವವರಿಗೆ ಕಲ್ಲಿನ ಮಾತೇ ಕಾಣುತ್ತದೆ.

ಮಿರ್ಚಿಭಜಿ

ಊರಿನ ಕಥೆ ಒಂದೇ ಸಾಕಾ? 1930ರ ಉಪ್ಪಿನ ಸತ್ಯಾಗ್ರಹ, 1942, ಸ್ವಾತಂತ್ರ್ಯ, ಏಕೀಕರಣ, ಇವೆಲ್ಲ ಮಧ್ಯೆ ಮಧ್ಯೆ ಹಾಕಿದರೆ ಮಕ್ಕಳಿಗೂ ಉಪಯೋಗ. ಮತ್ತೆ ನಿಮ್ಮ ಜಿಲ್ಲೆಯಲ್ಲೇ ಕಣಗಿನಹಾಳ ಇದೆ, ಅದನ್ನ ಬಿಡೋಕಾಗುತ್ತಾ?

ಹತ್ತಿಹೊಲ

ಕಣಗಿನಹಾಳ ಖಂಡಿತ ಬರುತ್ತದೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಬಂತು, ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ಹಿರಿಯರು ಅದನ್ನು ನೋಡಿಯೇ ಶುರು ಮಾಡಿದ್ದು ಅಂತ ಮೊದಲ ಠರಾವು ಪುಸ್ತಕದಲ್ಲೇ ಇದೆ.

ಕಡತದಹುಳು

ಅದಕ್ಕೇ ಅದು ಬರಬೇಕು. ಪುಸ್ತಕದಲ್ಲಿ ಇದೆ. ಉಪ್ಪಿನ ಸತ್ಯಾಗ್ರಹ ನಿಮ್ಮ ಪುಸ್ತಕದಲ್ಲಿ ಇದೆಯಾ? ಇಲ್ಲದಿದ್ದರೆ ಬಿಡಿ, ಅದಕ್ಕೆ ಪಠ್ಯಪುಸ್ತಕ ಇದೆ. ದೊಡ್ಡ ಘಟನೆಯ ಪಕ್ಕ ನಿಂತು ನಮ್ಮ ಸಂಘವೂ ದೊಡ್ಡದಾಗಿ ಕಾಣಲಿ ಅನ್ನೋ ಆಸೆ ಎಲ್ಲ ಸಂಸ್ಥೆಗಳಿಗೂ ಇರುತ್ತದೆ. 1947ರ ಆಗಸ್ಟ್ ಪುಟ ತೆಗೆದು ನೋಡಿ. ಅಲ್ಲಿ ಇರೋದನ್ನು ಮಾತ್ರ ಹಾಕಿ.

ಹತ್ತಿಹೊಲ

ತೆಗೆದು ನೋಡಿದೆ. ಹತ್ತಿ ಬೀಜದ ಚೀಲಗಳನ್ನು ಇಲಿ ಕಡಿದ ಬಗ್ಗೆ ಒಂದೂವರೆ ಪುಟ ಚರ್ಚೆ ಇದೆ. ಸ್ವಾತಂತ್ರ್ಯದ ಬಗ್ಗೆ ಒಂದು ಮಾತಿಲ್ಲ. ಸ್ವಲ್ಪ ಬೇಜಾರಾಯಿತು. ಆಮೇಲೆ ಖರ್ಚಿನ ಪುಟ ತಿರುಗಿಸಿದೆ. "ತಾ. 15ರಂದು ಪೇಢೆ ಬಾಬ್ತು 3-4-0" ಅಂತ ಒಂದೇ ಸಾಲು.

ಪಿಗ್ಮಿಪಾಸ್‌ಬುಕ್

ಇಷ್ಟೇ ಸಾಕು ಸ್ವಾಮಿ. ಅದನ್ನು ದೊಡ್ಡದಾಗಿ ಪರದೆ ತುಂಬ ಹಾಕಿ. ಕೆಳಗೆ ಇಲಿಯ ಪುಟವನ್ನೂ ಹಾಕಿ.

ಒತ್ತಕ್ಷರ

3-4-0 ಅಂದರೆ ಏನು ಅಂತ ಹುಡುಗರಿಗೆ ಗೊತ್ತಾಗಲ್ಲ. ಇಂಥ ಕಡೆಯೇ ಇಂಟರ್ಯಾಕ್ಟಿವ್ ಅನ್ನೋದು ಕೆಲಸಕ್ಕೆ ಬರೋದು. ಆ ಅಂಕಿಯ ಮೇಲೆ ಬೆರಳಿಟ್ಟರೆ ಒಂದು ಸಣ್ಣ ಚೌಕ ತೆರೆದು "3 ರೂಪಾಯಿ 4 ಆಣೆ 0 ಪೈ. 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ" ಅಂತ ಬರಲಿ. 1957ರ ಏಪ್ರಿಲ್ 1ರಿಂದ ನಯಾ ಪೈಸೆ ಬಂತಲ್ಲ, ಆ ದಿನ ನಿಮ್ಮ ಖಾತೆ ಪುಸ್ತಕದ ಗೆರೆಗಳು ಹೇಗೆ ಬದಲಾದವು ನೋಡಿ. ಚೆನ್ನಾಗಿದ್ದರೆ ಅದೇ ಒಂದು ನಮೂದು.

ಪಿಗ್ಮಿಪಾಸ್‌ಬುಕ್

"ಆಗಿನ 10 ರೂಪಾಯಿ ಈಗಿನ ಇಷ್ಟು ಸಾವಿರ" ಅಂತ ಮಾತ್ರ ಹಾಕಬೇಡಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವನು ಹೇಳುತ್ತಿದ್ದೇನೆ, ಆ ಲೆಕ್ಕ ಒಬ್ಬೊಬ್ಬರು ಒಂದೊಂದು ಥರ ಮಾಡುತ್ತಾರೆ. ಅದೇ ವರ್ಷ ಅದೇ ಪುಸ್ತಕದಲ್ಲಿ ಒಂದು ಎತ್ತಿಗೆ ಎಷ್ಟು ಸಾಲ ಕೊಟ್ಟಿದ್ದರು ಅಂತ ಪಕ್ಕದಲ್ಲಿ ಬರೆಯಿರಿ. ರೈತರಿಗೆ ತಕ್ಷಣ ತಿಳಿಯುತ್ತದೆ.

ಇನ್ನೊಂದು ಮಾತು. ನಾನು ಕರಾವಳಿಯವನು. ನಮ್ಮ ಕಡೆ ಬ್ಯಾಂಕುಗಳ ಇತಿಹಾಸ ಅಂದರೆ ಶಾಖೆಗಳ ಲೆಕ್ಕ. ಇಷ್ಟನೇ ವರ್ಷಕ್ಕೆ ಇಷ್ಟು ಶಾಖೆ. ಆದರೆ ಜನರಿಗೆ ನೆನಪಿರುವುದು ಪಿಗ್ಮಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ಮನೆ ಬಾಗಿಲಿಗೆ ಬಂದು ಎರಡಾಣೆ ಆದರೂ ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕಿನ ಟೈಮ್‌ಲೈನ್ ಮಾಡು ಅಂದರೆ ನಾನು ಶಾಖೆಗಳನ್ನೆಲ್ಲ ಬಿಟ್ಟು ಆ ಒಂದು ಸಣ್ಣ ಪುಸ್ತಕ ಇಡುತ್ತೇನೆ.

ಸಿಂಡಿಕೇಟ್ 2020ರ ಏಪ್ರಿಲ್ 1ಕ್ಕೆ ಕೆನರಾದೊಳಗೆ ಹೋಯಿತು. ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ. ಅದಕ್ಕೆ ಹಿಂದಿನ ವರ್ಷವೇ ವಿಜಯಾ ಬ್ಯಾಂಕ್ ಬರೋಡಾದೊಳಗೆ. ಮೂರಕ್ಕೂ ಗೆರೆ ಎಲ್ಲಿ ನಿಲ್ಲಿಸಬೇಕು? ನನ್ನ ಪಾಸ್‌ಬುಕ್ ಇನ್ನೂ ಕಪಾಟಿನಲ್ಲೇ ಇದೆ.

ಡಿಪೋಮೂರು

ನಿಲ್ಲೋ ಗೆರೆ ಪರವಾಗಿಲ್ಲ ಸಾರ್. ಒಡೆಯೋ ಗೆರೆ, ಸೇರೋ ಗೆರೆ ಏನು ಮಾಡ್ತೀರಾ?

ನಮ್ಮ ಕೆಎಸ್‌ಆರ್‌ಟಿಸಿ ತಗೊಳ್ಳಿ. 1948ರ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಅಂತ 120 ಬಸ್ಸಿನಿಂದ ಶುರು. 1956ರಲ್ಲಿ ರಾಜ್ಯ ಒಂದಾದಾಗ ಮುಂಬೈ ರಾಜ್ಯದ ಸಾರಿಗೆ, ಹೈದರಾಬಾದಿನ ಸಾರಿಗೆ ಬಂದು ಸೇರಿದವು. 1961ರಲ್ಲಿ ನಿಗಮ ಆಯ್ತು. 1997ರಲ್ಲಿ ಬೆಂಗಳೂರಿನದು ಬೇರೆ, ಹುಬ್ಬಳ್ಳಿಯ ವಾಯವ್ಯ ಸಾರಿಗೆ ಬೇರೆ. 2000ದಲ್ಲಿ ಕಲಬುರಗಿಯದು ಬೇರೆ. ಇದನ್ನು ಒಂದೇ ನೇರ ಗೆರೆಯಲ್ಲಿ ಹಾಕಿದರೆ ಹುಬ್ಬಳ್ಳಿ ಕಂಡಕ್ಟರ್ ಕೇಳ್ತಾನೆ, 1956ಕ್ಕೆ ಮುಂಚಿನ ನಮ್ಮ ಬಸ್ ಎಲ್ಲಿ ಹೋಯ್ತು ಅಂತ. ಬೆಂಗಳೂರಿನ ಕಣ್ಣಲ್ಲಿ ನೋಡಿದರೆ ಅವನು 1956ರಲ್ಲಿ ಹುಟ್ಟಿದ ಹಾಗೆ. ಅವನ ಕಣ್ಣಲ್ಲಿ ಅವನ ಡಿಪೋ ಅದಕ್ಕೂ ಹಿಂದಿನದು.

ಹತ್ತಿಹೊಲ

ಡಿಪೋ ಸರ್, ನೀವು ಹೇಳಿದ್ದು ನಮಗೂ ಅನ್ವಯಿಸುತ್ತದೆ. ಪಕ್ಕದ ಊರಿನ ಸಣ್ಣ ಸಂಘವೊಂದು ನಡುವೆ ನಮ್ಮಲ್ಲಿ ವಿಲೀನ ಆಗಿದೆ. ನಮ್ಮ ವರದಿಯಲ್ಲಿ ಅದಕ್ಕೆ ಒಂದು ಸಾಲು. ಆ ಊರಿನವರು ಇವತ್ತಿಗೂ "ನಿಮ್ಮ ಸಂಘ" ಅಂತಾರೆ, "ನಮ್ಮ ಸಂಘ" ಅನ್ನಲ್ಲ. ಈಗ ಯಾಕೆ ಅಂತ ಗೊತ್ತಾಯಿತು.

ಒತ್ತಕ್ಷರ

ಟೈಮ್‌ಲೈನ್‌ಜೆಎಸ್‌ನಲ್ಲಿ ಗುಂಪು ಅಂತ ಒಂದು ಕಾಲಂ ಇದೆ. ಬೇರೆ ಗುಂಪಿನ ಹೆಸರು ಕೊಟ್ಟರೆ ಕೆಳಗಿನ ಪಟ್ಟಿಯಲ್ಲಿ ಬೇರೆ ಸಾಲಿನಲ್ಲಿ ಕೂರುತ್ತದೆ. ಆ ಊರಿಗೆ ಒಂದು ಸಾಲು ಕೊಡಿ, ಅವರ ಮೊದಲ ವರ್ಷದಿಂದ. ಎರಡು ನದಿ ಕೂಡುವ ಥರ ಗೆರೆ ಬಗ್ಗಿಸಲು ಅದರಲ್ಲಿ ಬರಲ್ಲ. ವಿಲೀನದ ವರ್ಷ ಎರಡೂ ಸಾಲಿನಲ್ಲಿ ಒಂದೇ ಫೋಟೋ ಇಡಿ, ಸಾಕು.

ಅದೇ ಶೀಟಿನಲ್ಲಿ ಯುಗ ಅಂತ ಗುರುತು ಮಾಡಲು ಅವಕಾಶ ಇದೆ, ಹಿನ್ನೆಲೆಯಲ್ಲಿ ಬಣ್ಣದ ಪಟ್ಟೆ ಬರುತ್ತದೆ. ಮಿರ್ಚಿಭಜಿಯವರು ಕೇಳಿದ ದೊಡ್ಡ ಇತಿಹಾಸವನ್ನು ಅಲ್ಲಿ ಸದ್ದಿಲ್ಲದೆ ಕೂರಿಸಬಹುದು.

ಹತ್ತಿಹೊಲ

ಪಟ್ಟೆಗೆ ಒಂದು ಐಡಿಯಾ ಬಂತು. ಸಂಘದ ಲೆಟರ್‌ಹೆಡ್‌ಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ಕಟ್ಟಡ ಅದೇ, ಬೀದಿ ಅದೇ. ವಿಳಾಸ ಮಾತ್ರ ಬದಲಾಗುತ್ತಾ ಹೋಗಿದೆ. ಮೊದಲು ಮುಂಬೈ ಪ್ರಾಂತ. ಆಮೇಲೆ ಮುಂಬೈ ರಾಜ್ಯ. 1956ರ ನವೆಂಬರ್ ಆದಮೇಲೆ "ಮುಂಬೈ" ಅನ್ನೋದನ್ನ ಶಾಯಿಯಲ್ಲಿ ಹೊಡೆದು ಹಾಕಿ ಮೇಲೆ "ಮೈಸೂರು" ಅಂತ ರಬ್ಬರ್ ಸ್ಟ್ಯಾಂಪ್ ಒತ್ತಿದ್ದಾರೆ. ಹಳೆ ಕಾಗದ ಮುಗಿಯುವ ತನಕ ಹಾಗೇ ಬಳಸಿದ್ದಾರೆ, ನಮ್ಮವರ ಕೈ ಬಿಗಿ. 1973ರ ನಂತರ ಕರ್ನಾಟಕ. 1997ರಲ್ಲಿ ಧಾರವಾಡ ಜಿಲ್ಲೆ ಹೋಗಿ ಗದಗ ಜಿಲ್ಲೆ. ಐದು ಲೆಟರ್‌ಹೆಡ್, ಐದು ಪಟ್ಟೆ. ಏಕೀಕರಣಕ್ಕೆ ಬೇರೆ ನಮೂದು ಬೇಕಾಗಿಲ್ಲ ಅನ್ನಿಸಿತು.

ಮಿರ್ಚಿಭಜಿ

ಒಪ್ಪಿದೆ. ನನ್ನ ಬೇಡಿಕೆ ವಾಪಸ್.

ಡಿಪೋಮೂರು

ಹೆಸರಿನ ವಿಷಯಕ್ಕೂ ಇದೇ ನೋಡಿ. ಆ ಕಾಲದಲ್ಲಿ ಇದ್ದ ಹೆಸರನ್ನೇ ಬರೀಬೇಕು. ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿದ್ದು ಕರ್ನಾಟಕ ಸಾಹಿತ್ಯ ಪರಿಷತ್ತು ಅಂತ, "ಕನ್ನಡ" ಆಗಿದ್ದು 1938ರಲ್ಲಿ. 1915ರ ಫೋಟೋ ಕೆಳಗೆ ಇವತ್ತಿನ ಹೆಸರು ಹಾಕಿದರೆ ಫೋಟೋದಲ್ಲಿರುವ ಬೋರ್ಡಿಗೂ ಅಡಿಬರಹಕ್ಕೂ ತಾಳೆಯಾಗಲ್ಲ.

ಹತ್ತಿಹೊಲ

ಈಗ ಒಂದು ಇಕ್ಕಟ್ಟು. ನಮ್ಮಲ್ಲಿರುವ ಅತ್ಯಂತ ಚಂದದ ದಾಖಲೆ ಅಂದರೆ 1930ರ ದಶಕದ ಸಾಲದ ರಿಜಿಸ್ಟರು. ಆಗ ಜಗತ್ತಿನಲ್ಲೆಲ್ಲ ಬೆಲೆ ಕುಸಿದಿತ್ತು, ಹತ್ತಿ ಬೆಲೆಯೂ ಬಿದ್ದಿತ್ತು, ಸಾಲ ವಸೂಲಿ ಆಗಿಲ್ಲ. ಪುಟ ಪುಟಕ್ಕೂ ಕೆಂಪು ಶಾಯಿಯಲ್ಲಿ "ಬಾಕಿ". ಅದನ್ನು ಪರದೆಯಲ್ಲಿ ತಿರುವಿ ನೋಡುವ ಹಾಗೆ ಮಾಡಬೇಕು ಅಂತ ಆಸೆ. ಆದರೆ ಪ್ರತಿ ಸಾಲಿನಲ್ಲೂ ಹೆಸರಿದೆ. ಮೊಮ್ಮಕ್ಕಳು ಊರಲ್ಲೇ ಇದ್ದಾರೆ.

ಪಿಗ್ಮಿಪಾಸ್‌ಬುಕ್

ಬೇಡ. ಬ್ಯಾಂಕಿನಲ್ಲಿ ಮೊದಲ ದಿನ ಕಲಿಸಿದ ಪಾಠ ಇದು. ಒಬ್ಬರ ಸಾಲ ಇನ್ನೊಬ್ಬರಿಗೆ ಹೇಳಬಾರದು. ಸತ್ತು ಎಷ್ಟೇ ವರ್ಷ ಆಗಿರಲಿ.

ಒತ್ತಕ್ಷರ

ಹೆಸರಿನ ಕಾಲಂ ಮಸುಕು ಮಾಡಿ ಹಾಕಬಹುದಲ್ವಾ? ಕೆಂಪು ಶಾಯಿ ಕಾಣುತ್ತೆ, ಹೆಸರು ಕಾಣಲ್ಲ.

ಕಡತದಹುಳು

ಮಸುಕು ಸಾಲಲ್ಲ. ಸಣ್ಣ ಊರಲ್ಲಿ ಸರ್ವೆ ನಂಬರ್ ನೋಡಿದರೆ ಸಾಕು, ಯಾರ ಹೊಲ ಅಂತ ಗೊತ್ತಾಗುತ್ತದೆ. ಜಾಮೀನುದಾರರ ಕಾಲಂ ಬೇರೆ ಇರುತ್ತದೆ. ಹೆಸರು, ಸರ್ವೆ ನಂಬರ್, ಜಾಮೀನು, ಮೂರನ್ನೂ ಕಪ್ಪು ಪಟ್ಟಿಯಿಂದ ಮುಚ್ಚಿ ಹೊಸ ಚಿತ್ರವಾಗಿ ಉಳಿಸಿ. ಒಂದೇ ಪುಟ ಸಾಕು.

ಅದರ ಬದಲು ಷೇರು ರಿಜಿಸ್ಟರ್ ತೆರೆಯಿರಿ. ಸದಸ್ಯರಾಗಿದ್ದು ಹೆಮ್ಮೆಯ ವಿಷಯ. ಮೊದಲ ಇಪ್ಪತ್ತು ಮೂವತ್ತು ವರ್ಷದ ಸದಸ್ಯರ ಹೆಸರು ಟೈಪ್ ಮಾಡಿಸಿ, ಒಂದು ಹುಡುಕುವ ಡಬ್ಬಿ ಇಡಿ. ಮನೆತನದ ಹೆಸರು ಹೊಡೆದರೆ ಅಜ್ಜನ ಹೆಸರು, ಷೇರು ಸಂಖ್ಯೆ, ಹೆಬ್ಬೆಟ್ಟು ಅಥವಾ ಸಹಿ ಇರುವ ಆ ಸಾಲಿನ ಫೋಟೋ ಬರಲಿ. ಜನ ತಿರುಗಿ ತಿರುಗಿ ಬಂದು ಮುಟ್ಟೋದು ಅದನ್ನೇ, ಬೇಕಾದರೆ ನೋಡಿ.

ಒಂದು ಎಚ್ಚರ. ಆಗಿನ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಜಾತಿ ಬರೆದಿರುತ್ತಾರೆ. ಆ ಭಾಗ ಕತ್ತರಿಸಿ ತೋರಿಸಿ. ಮೂಲ ಸ್ಕ್ಯಾನ್ ಮಾತ್ರ ಕತ್ತರಿಸದೆ ಬೇರೆ ಕಡೆ ಜೋಪಾನವಾಗಿ ಇಡಿ. ಎರಡಕ್ಕೂ ಬೇರೆ ಬೇರೆ ಫೋಲ್ಡರ್.

ಹತ್ತಿಹೊಲ

ಸ್ಕ್ಯಾನ್ ಹೇಗೆ ಮಾಡಲಿ? ಈಗ ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹುಡುಗನಿಗೆ ಕಳಿಸ್ತಾ ಇದ್ದೀನಿ.

ಕಡತದಹುಳು

ಅಯ್ಯೋ! ಮಾಸ್ತರೇ! ವಾಟ್ಸಾಪ್ ಫೋಟೋವನ್ನು ಹಿಂಡಿ ಸಣ್ಣದು ಮಾಡುತ್ತದೆ. ಮೊಬೈಲಲ್ಲಿ ಚೆನ್ನಾಗೇ ಕಾಣುತ್ತದೆ, ದೊಡ್ಡ ಪರದೆಯಲ್ಲಿ ಅಕ್ಷರ ಒಡೆದುಹೋಗುತ್ತದೆ. ಬೇರೆ ದಾರಿಯೇ ಇಲ್ಲ ಅಂದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಬಿಡಿ ಹಾಳೆಗಳನ್ನು ಸ್ಕ್ಯಾನರಿನಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ), ಸಣ್ಣ ಫೋಟೋಗಳನ್ನು 600. ಮೂಲವನ್ನು ಗುಣಮಟ್ಟ ಕೆಡದ ಟಿಫ್ ಫೈಲಾಗಿ ಇಡಿ, ವೆಬ್‌ಗೆ ಸಣ್ಣದಾದ ಜೆಪೆಗ್ ಫೈಲು. ಹೊಲಿದ ಠರಾವು ಪುಸ್ತಕವನ್ನು ಸ್ಕ್ಯಾನರ್ ಮೇಲೆ ಬೋರಲು ಹಾಕಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೇಲಿನಿಂದ ನೇರವಾಗಿ ಫೋಟೋ ತೆಗೆಯಿರಿ. ಫೋಟೋಗಳ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮುದ್ರೆ, ಪೆನ್ಸಿಲ್‌ನಲ್ಲಿ ಬರೆದ ತಾರೀಖು ಅಲ್ಲೇ ಇರೋದು.

ಒತ್ತಕ್ಷರ

ಅಚ್ಚಾದ ವರದಿಗಳ ಪಠ್ಯ ಬೇಕಾದರೆ, ಚಿತ್ರದಲ್ಲಿರುವ ಅಕ್ಷರ ಓದುವ ಟೆಸರಾಕ್ಟ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಕನ್ನಡ ಇದೆ, ತಿದ್ದುವ ಕೆಲಸ ಇರುತ್ತದೆ ಅಷ್ಟೇ. ಕೈಬರಹಕ್ಕೆ ಅದು ಆಗಲ್ಲ. ಕಂಪ್ಯೂಟರ್ ಬಂದಮೇಲಿನ ವರದಿಗಳು ನುಡಿ, ಬರಹ ಅನ್ನೋ ಸಾಫ್ಟ್‌ವೇರ್‌ಗಳ ಹಳೆ ಫಾಂಟಿನಲ್ಲಿ ಇರುತ್ತವೆ. ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರದ ಕಸ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಓದಿ. ಅರ್ಕಾವತ್ತು (ರ್ ಗುರುತು) ಜಾಗ ತಪ್ಪಿ ಕೂತಿರುತ್ತದೆ.

ವಿನ್ಯಾಸದ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ನನ್ನ ಹೆಸರೇ ಒತ್ತಕ್ಷರ. ಕನ್ನಡ ಅಕ್ಷರ ಕೆಳಗೆ ಬೆಳೆಯುತ್ತದೆ. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್ನಿನಲ್ಲಿ "ರಾಷ್ಟ್ರ" ಅಂತ ಬರೆದು ನೋಡಿ, ಕೆಳಗಿನ ಅರ್ಧ ಕತ್ತರಿಸಿರುತ್ತದೆ. ಸಾಲಿನ ಎತ್ತರ ಅಕ್ಷರದ ಅಳತೆಯ 1.6 ಪಟ್ಟಾದರೂ ಇರಲಿ. ಅಕ್ಷರಗಳ ನಡುವೆ ಜಾಗ ಬಿಡಿಸುವ ಸೆಟ್ಟಿಂಗ್ ಮುಟ್ಟಬೇಡಿ, ಕನ್ನಡಕ್ಕೆ ಅದು ಒಗ್ಗಲ್ಲ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ತಲೆಬರಹಕ್ಕೆ ತಿರೋ ಕನ್ನಡ, ಎರಡೂ ಪುಕ್ಕಟೆ, ಎರಡೂ ಚಂದ. ನೋಡುವವರಲ್ಲಿ ಅರ್ಧ ಜನ ಅರವತ್ತು ದಾಟಿದವರು. ಅಕ್ಷರ 18 ಪಿಕ್ಸೆಲ್‌ಗಿಂತ ಸಣ್ಣದು ಬೇಡ. ಕಪ್ಪು ಹಿನ್ನೆಲೆಯಲ್ಲಿ ಬೂದು ಅಕ್ಷರ ಖಂಡಿತ ಬೇಡ, ಎಷ್ಟೇ ಸ್ಟೈಲ್ ಆಗಿ ಕಂಡರೂ.

ಡಿಪೋಮೂರು

ಕರೆಂಟ್ ಹೋದರೆ?

ಒತ್ತಕ್ಷರ

ಒಳ್ಳೆ ಪ್ರಶ್ನೆ. ಕರೆಂಟಿಗೆ ಯುಪಿಎಸ್. ನೆಟ್ ಹೋಗೋದು ಅದಕ್ಕಿಂತ ಜಾಸ್ತಿ. ಗೂಗಲ್ ಶೀಟ್ ಮೇಲೆ ನಿಂತ ಟೈಮ್‌ಲೈನ್ ನೆಟ್ ಇಲ್ಲದೆ ತೆರೆಯಲ್ಲ. ಆದ್ದರಿಂದ ಎಲ್ಲ ಮುಗಿದ ಮೇಲೆ ಶೀಟನ್ನು ಜೇಸನ್ ಫೈಲ್ (ಯಂತ್ರ ಓದುವ ಪಠ್ಯದ ಫೈಲ್) ಮಾಡಿ, ಫೋಟೋ, ಫಾಂಟು ಎಲ್ಲವನ್ನೂ ಟಚ್‌ಸ್ಕ್ರೀನಿನ ಕಂಪ್ಯೂಟರಿನಲ್ಲೇ ಇಡಬೇಕು. ಅದಕ್ಕೆ ಕೋಡ್ ಗೊತ್ತಿರುವವರು ಒಂದು ದಿನ ಬೇಕು. ನಾನು ಮಾಡಿಕೊಡುತ್ತೇನೆ, ಮಾಸ್ತರೇ. ಗದಗಿನ ಬದನೆಕಾಯಿ ಭಜಿ ಕೊಡಿಸಿ ಸಾಕು.

ಪಿಗ್ಮಿಪಾಸ್‌ಬುಕ್

ಅದನ್ನು ಮಾಡಿ ಸುಮ್ನೆ ಕೂರಬೇಡಿ. ನಮ್ಮ ಕಡೆಯ ಒಂದು ಸಂಸ್ಥೆ ಇಪ್ಪತ್ತು ವರ್ಷದ ಹಿಂದೆ ಸುವರ್ಣ ಮಹೋತ್ಸವಕ್ಕೆ ಸಿಡಿ ಮಾಡಿಸಿತ್ತು. ಫ್ಲ್ಯಾಶ್ ಅನ್ನೋ ಸಾಫ್ಟ್‌ವೇರ್‌ನಲ್ಲಿ. ಪುಟ ತಿರುವುವ ಸದ್ದು ಬೇರೆ ಬರುತ್ತಿತ್ತು, ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದ್ದೆವು. 2020ರ ಕೊನೆಗೆ ಅಡೋಬಿಯವರು ಫ್ಲ್ಯಾಶನ್ನೇ ನಿಲ್ಲಿಸಿದರು. ಈಗ ಸಿಡಿ ಹಾಕುವ ಕಂಪ್ಯೂಟರೂ ಇಲ್ಲ. ಅದರೊಳಗಿದ್ದ ಫೋಟೋಗಳ ಮೂಲ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಹಾಗೆಯೇ ಡೊಮೇನ್ ಹೆಸರನ್ನು ಅಧ್ಯಕ್ಷರ ಮಗನ ಖಾತೆಯಲ್ಲಿ ತೆಗೆದುಕೊಳ್ಳಬೇಡಿ. ಸಂಘದ ಹೆಸರಲ್ಲೇ ಇರಲಿ.

ಕಡತದಹುಳು

ಸ್ಕ್ಯಾನ್‌ಗಳ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಸಂಘದ ತಿಜೋರಿಯಲ್ಲಿ, ಇನ್ನೊಂದು ಬೇರೆ ಊರಲ್ಲಿ. ವರದಿಗಳಂಥ ಗುಟ್ಟಿಲ್ಲದ ದಾಖಲೆಗಳನ್ನು ಇಂಟರ್ನೆಟ್ ಆರ್ಕೈವ್ ಅನ್ನೋ ಪುಕ್ಕಟೆ ಆನ್‌ಲೈನ್ ಗ್ರಂಥಾಲಯಕ್ಕೂ ಏರಿಸಿ.

ಹತ್ತಿಹೊಲ

ಆರು ವಾರ ಆಯಿತು, ವರದಿ ಒಪ್ಪಿಸುತ್ತೇನೆ. 143 ಈಗ 22ಕ್ಕೆ ಇಳಿದಿದೆ. ಎರಡು ಜಾಸ್ತಿ, ಒತ್ತಕ್ಷರ ಅವರು ಕ್ಷಮಿಸಬೇಕು. ಪೇಢೆ ಇದೆ, ಇಲಿ ಇದೆ, ಲೆಟರ್‌ಹೆಡ್ ಇದೆ, ಪಕ್ಕದ ಊರಿಗೆ ಬೇರೆ ಸಾಲು ಇದೆ. ಅಧ್ಯಕ್ಷರ ಪುಟಕ್ಕೆ ಆಡಳಿತ ಮಂಡಳಿ ಒಪ್ಪಿತು, "ಒಂದೇ ಅಳತೆ" ಅನ್ನೋದಕ್ಕೆ ಮಾತ್ರ ಎರಡು ಸಭೆ ಬೇಕಾಯಿತು. ನಿವೃತ್ತ ಕಾರ್ಯದರ್ಶಿಗಳ ದನಿ ರೆಕಾರ್ಡ್ ಮಾಡಿದೆ. ಮೊದಲ ಸಲ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಎರಡನೇ ಸಲ ಫ್ಯಾನ್ ಆರಿಸಿ ಕೂತೆವು, ಇಬ್ಬರೂ ಬೆವೆತೆವು. ಒಂದು ಗಂಟೆಯಿಂದ ಎರಡು ನಿಮಿಷ ಆರಿಸಿಕೊಂಡೆ.

ಉಳಿದಿರೋದು ಒಂದೇ ತೊಡಕು. 1941ರಿಂದ 1946ರವರೆಗಿನ ಠರಾವು ಪುಸ್ತಕ ಇಲ್ಲವೇ ಇಲ್ಲ. ಪರದೆಯಲ್ಲಿ ಅಲ್ಲಿ ದೊಡ್ಡ ಖಾಲಿ ಜಾಗ ಕಾಣುತ್ತದೆ.

ಒತ್ತಕ್ಷರ

ಆ ಖಾಲಿ ಜಾಗ ಮಡಚಿಬಿಡಬಹುದು. ಘಟನೆಗಳನ್ನು ಒಂದರ ಪಕ್ಕ ಒಂದು ಸಮ ಅಂತರದಲ್ಲಿ ಇಟ್ಟರೆ ಯಾರಿಗೂ ಗೊತ್ತಾಗಲ್ಲ.

ಕಡತದಹುಳು

ಗೊತ್ತಾಗಬೇಕು ಅಲ್ವಾ! ಐದು ವರ್ಷ ಏನೂ ನಡೆದಿಲ್ಲ ಅಂತ ಅಲ್ಲ, ನಮ್ಮ ಹತ್ತಿರ ಇಲ್ಲ ಅಂತ. ಅಲ್ಲಿ ಒಂದು ನಮೂದು ಮಾಡಿ. ಖಾಲಿ ಕಪಾಟಿನ ಫೋಟೋ ಹಾಕಿ. "1941-46ರ ಪುಸ್ತಕ ನಮ್ಮಲ್ಲಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ತೋರಿಸಿ, ಫೋಟೋ ತೆಗೆದು ನಿಮಗೇ ವಾಪಸ್ ಕೊಡುತ್ತೇವೆ" ಅಂತ ಬರೆದು ಸಂಘದ ಫೋನ್ ನಂಬರ್ ಹಾಕಿ. "ವಾಪಸ್" ಅನ್ನೋದನ್ನ ದಪ್ಪ ಅಕ್ಷರದಲ್ಲಿ ಹಾಕಿ, ಜನ ಹೆದರೋದು ಅದಕ್ಕೇ.

ಹತ್ತಿಹೊಲ

ಪರೀಕ್ಷೆಗೆ ಅಂತ ಕಳೆದ ಸೋಮವಾರ ಪರದೆ ಇಟ್ಟೆವು. ಇನ್ನೂ ಉದ್ಘಾಟನೆ ಆಗಿಲ್ಲ. ಗೊಬ್ಬರಕ್ಕೆ ಬಂದವರು ಸರದಿಯಲ್ಲಿ ನಿಂತು ಅಜ್ಜನ ಹೆಸರು ಹುಡುಕುತ್ತಿದ್ದಾರೆ. ಮನೆತನದ ಹೆಸರು ಎರಡು ಥರ ಬರೆಯುತ್ತಾರೆ, ಹಾಗಾಗಿ ಕೆಲವರಿಗೆ ಸಿಗುತ್ತಿಲ್ಲ. ಅದನ್ನು ಸರಿ ಮಾಡಬೇಕು.

ಇವತ್ತು ಬೆಳಿಗ್ಗೆ ಒಬ್ಬರು ಬಂದರು. ಖಾಲಿ ಕಪಾಟಿನ ಫೋಟೋ ನೋಡಿದರು, ಏನೂ ಮಾತಾಡದೆ ಹೋದರು. ಮಧ್ಯಾಹ್ನ ಕೆಂಪು ಬಟ್ಟೆಯ ಗಂಟೊಂದನ್ನು ತಂದು ಟೇಬಲ್ ಮೇಲಿಟ್ಟರು. ಅವರ ಅಜ್ಜ ಆಗ ಸಂಘದ ಲೆಕ್ಕ ಬರೆಯುತ್ತಿದ್ದರಂತೆ. "ವಾಪಸ್ ಕೊಡ್ತೀರಲ್ಲ?" ಅಂತ ಮೂರು ಸಲ ಕೇಳಿದರು.

ಬಿಚ್ಚಿ ನೋಡಿದೆ. ಪುಸ್ತಕ ಪೂರ್ತಿ ಇದೆ. ಆದರೆ ಮೋಡಿ ಅನ್ನೋ ಹಳೆಯ ಕೂಡುಬರಹದ ಲಿಪಿಯಲ್ಲಿದೆ, ನನಗೆ ಒಂದಕ್ಷರ ಬರಲ್ಲ. ಧಾರವಾಡದ ಕಡೆ ಮೋಡಿ ಓದುವವರು ಯಾರಾದರೂ ಗೊತ್ತಾ?

ಕಡತದಹುಳು

ನನಗೆ ಅಲ್ಪಸ್ವಲ್ಪ ಬರುತ್ತದೆ. ಮೊದಲ ಎರಡು ಪುಟದ ಫೋಟೋ ಕಳಿಸಿ. ಡಾಕ್ಯುಮೆಂಟ್ ಆಗಿ, ಮಾಸ್ತರೇ.